ಕನ್ನಡ ಕಲಿಕೆಯಲ್ಲಿ ಶಿಕ್ಷಕರ ಪಾಲು: ಬಳ್ಳಾರಿಯ ಮಠಗಳಿಂದ ನಲಿ-ಕಲಿಯವರೆಗೆ ಒಂದು ವಿವೇಚನೆ

1. ಪ್ರವೇಶ

ಶಾಲೆಯಲ್ಲಿ ಮಗು ಕಲಿಯುವುದರಲ್ಲಿ ಶಿಕ್ಷಕರ ಪಾಲು ಎಷ್ಟು ಎಂಬ ಪ್ರಶ್ನೆಗೆ ನಮ್ಮ ಸಮಾಜದಲ್ಲಿ ಎರಡು ಸಿದ್ಧ ಉತ್ತರಗಳಿವೆ. ಮೊದಲನೆಯದು ಗುರುಮಹಿಮೆಯ ಉತ್ತರ. ಗುರುವಿಲ್ಲದೆ ವಿದ್ಯೆಯಿಲ್ಲ ಎಂಬ ನಂಬಿಕೆ ಕನ್ನಡ ಸಾಹಿತ್ಯದ ಹಲವು ಪರಂಪರೆಗಳಲ್ಲಿ ಬೇರೂರಿದೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಅದು ಇಂದಿಗೂ ಕೇಳಿಬರುತ್ತದೆ. ಎರಡನೆಯದು ದೂಷಣೆಯ ಉತ್ತರ. ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಪಾಠವನ್ನು ಓದಲಾರದು ಎಂಬ ವರದಿ ಪ್ರಕಟವಾದಾಗಲೆಲ್ಲ ಅದರ ಹೊಣೆಯನ್ನು ಶಿಕ್ಷಕರ ಮೇಲೆ ಹೊರಿಸಲಾಗುತ್ತದೆ. ಇವು ಪರಸ್ಪರ ವಿರುದ್ಧವಾಗಿ ಕಂಡರೂ ಇವುಗಳ ಹಿಂದಿರುವ ಗ್ರಹಿಕೆ ಒಂದೇ: ಕಲಿಕೆ ಸಂಪೂರ್ಣವಾಗಿ ಶಿಕ್ಷಕರ ಕೈಯಲ್ಲಿದೆ ಎಂಬುದು. ಮಗುವಿನ ಮನೆ, ಮನೆಮಾತು, ಸಹಪಾಠಿಗಳು, ಪಠ್ಯ, ಲಿಪಿ ಇವುಗಳಿಗೆ ಈ ಎರಡೂ ಉತ್ತರಗಳಲ್ಲಿ ಸ್ಥಾನವಿಲ್ಲ.

ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಪ್ರಾಥಮಿಕ ಹಂತದ ಕನ್ನಡ ಕಲಿಕೆಗೆ ಸೀಮಿತಗೊಳಿಸಿಕೊಂಡು ಪರಿಶೀಲಿಸುತ್ತದೆ. ಶಿಕ್ಷಕರ ಪಾಲು ಎಲ್ಲೆಡೆ ಒಂದೇ ಅಳತೆಯದಲ್ಲ. ಕನ್ನಡ ಕಲಿಕೆಯೊಳಗೆ ಮತ್ತೊಬ್ಬರೊಡನೆ ಹಂಚಿಕೊಳ್ಳಬಹುದಾದ ಕೆಲಸಗಳೂ ಇವೆ, ಶಿಕ್ಷಕರಲ್ಲದೆ ಬೇರಾರೂ ಮಾಡಲಾರದ ಕೆಲಸಗಳೂ ಇವೆ. ಈ ಎರಡನೆಯ ಬಗೆಯ ಕೆಲಸಗಳು ಶಿಕ್ಷಕರ ಭಾಷಾಜ್ಞಾನವನ್ನು ಅವಲಂಬಿಸಿವೆ ಎಂಬುದು ಲೇಖನದ ಮುಖ್ಯ ಪ್ರತಿಪಾದನೆ. ಇದಕ್ಕೆ ಆಧಾರವಾಗಿ ಹತ್ತೊಂಬತ್ತನೆಯ ಶತಮಾನದ ಬಳ್ಳಾರಿ ಜಿಲ್ಲೆಯ ಒಂದು ವರದಿ, ನಲಿ-ಕಲಿ ಪದ್ಧತಿ, ಕನ್ನಡದ ಪ್ರಾದೇಶಿಕ ಪ್ರಭೇದಗಳು, ಪಂಜೆ ಮಂಗೇಶರಾಯರ ಕೆಲಸ ಹಾಗೂ 2020-21ರಲ್ಲಿ ಶಾಲೆಗಳು ಮುಚ್ಚಿದ್ದ ಕಾಲದ ಅನುಭವಗಳನ್ನು ಬಳಸಿಕೊಳ್ಳಲಾಗಿದೆ.

2. ಶೇಕಡಾವಾರು ಲೆಕ್ಕ ಮತ್ತು ಅದರ ಮಿತಿ

ಶಿಕ್ಷಕರ ಪಾಲನ್ನು ಅಂಕಿಗಳಲ್ಲಿ ಹೇಳುವ ಪ್ರಯತ್ನಗಳು ಮುಖ್ಯವಾಗಿ ಅಮೆರಿಕದಲ್ಲಿ ಆರಂಭವಾದವು. 1966ರಲ್ಲಿ ಪ್ರಕಟವಾದ ಜೇಮ್ಸ್ ಕೋಲ್ಮನ್ ನೇತೃತ್ವದ ವರದಿ ಸುಮಾರು 6 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು ಆಧರಿಸಿತ್ತು. ಮಕ್ಕಳ ಸಾಧನೆಯಲ್ಲಿ ಕಾಣುವ ವ್ಯತ್ಯಾಸಗಳಿಗೆ ಶಾಲೆಯ ಸೌಕರ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣ ಎಂಬ ಅದರ ತೀರ್ಮಾನ ಬಹಳ ಪ್ರಸಿದ್ಧವಾಯಿತು. ಆದರೆ ಅದೇ ವರದಿಯ ಇನ್ನೊಂದು ಅಂಶ ಅಷ್ಟಾಗಿ ಚರ್ಚೆಗೆ ಬರಲಿಲ್ಲ. ಶಾಲೆಗೆ ಸಂಬಂಧಿಸಿದ ಸಂಗತಿಗಳ ಪೈಕಿ ಶಿಕ್ಷಕರ ಗುಣಮಟ್ಟವು ಕಟ್ಟಡ, ಪ್ರಯೋಗಾಲಯಗಳಿಗಿಂತ ಹೆಚ್ಚು ಪ್ರಭಾವ ಬೀರುತ್ತದೆ. ಆ ಪ್ರಭಾವ ಅವಕಾಶವಂಚಿತ ಸಮುದಾಯಗಳ ಮಕ್ಕಳ ಮೇಲೆ ಇನ್ನೂ ಹೆಚ್ಚು ಎಂದು ಅದು ಗುರುತಿಸಿತ್ತು. ಶಿಕ್ಷಕರ ಗುಣಮಟ್ಟವನ್ನು ಅಳೆಯಲು ಬಳಸಿದ ಸಾಧನಗಳಲ್ಲಿ ಮುಖ್ಯವಾದುದು ಅವರ ಭಾಷಾ ಸಾಮರ್ಥ್ಯದ ಪರೀಕ್ಷೆ ಎಂಬುದು ಭಾಷಾ ಅಧ್ಯಯನಕಾರರ ಗಮನಕ್ಕೆ ಬರಬೇಕಾದ ಸಂಗತಿ.

ಆನಂತರದ ಅಂದಾಜುಗಳಲ್ಲಿ ಒಮ್ಮತವಿಲ್ಲ. ಶಿಕ್ಷಣತಜ್ಞ ಜಾನ್ ಹ್ಯಾಟಿ 2003ರಲ್ಲಿ ಮಂಡಿಸಿದ ಲೆಕ್ಕದ ಪ್ರಕಾರ ಸಾಧನೆಯ ವ್ಯತ್ಯಾಸದಲ್ಲಿ ಸುಮಾರು ಶೇ. 50 ವಿದ್ಯಾರ್ಥಿಗೆ ಸಂಬಂಧಿಸಿದ್ದು, ಸುಮಾರು ಶೇ. 30 ಶಿಕ್ಷಕರಿಗೆ ಸಂಬಂಧಿಸಿದ್ದು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘವು 2014ರಲ್ಲಿ ನೀಡಿದ ಹೇಳಿಕೆಯಲ್ಲಿ, ಪರೀಕ್ಷಾ ಅಂಕಗಳ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14ರಷ್ಟು ಮಾತ್ರ ಎಂದು ಬಹುಪಾಲು ಅಧ್ಯಯನಗಳು ತೋರಿಸುತ್ತವೆ ಎಂದಿತು. ಹೇನಮನ್ ಮತ್ತು ಲಾಕ್ಸ್ಲಿ ಅವರು 29 ದೇಶಗಳನ್ನು ಹೋಲಿಸಿ 1983ರಲ್ಲಿ ಪ್ರಕಟಿಸಿದ ಅಧ್ಯಯನವು, ಬಡ ದೇಶಗಳಲ್ಲಿ ಶಾಲೆ ಮತ್ತು ಶಿಕ್ಷಕರ ಪ್ರಭಾವ ಶ್ರೀಮಂತ ದೇಶಗಳಲ್ಲಿ ಇರುವುದಕ್ಕಿಂತ ಹೆಚ್ಚು ಎಂದು ತೋರಿಸಿತು. ಮನೆಯಲ್ಲಿ ಪುಸ್ತಕವಿಲ್ಲದ ಕಡೆ ಶಾಲೆಯೇ ಓದಿನ ಏಕೈಕ ಮೂಲವಾಗುವುದು ಸಹಜ.

ಈ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅಗತ್ಯ. ಇವೆಲ್ಲವೂ ಮಕ್ಕಳ ನಡುವಿನ 'ವ್ಯತ್ಯಾಸ'ವನ್ನು ವಿವರಿಸುವ ಅಂಕಿಗಳೇ ಹೊರತು 'ಕೊಡುಗೆ'ಯನ್ನು ಅಳೆಯುವ ಅಂಕಿಗಳಲ್ಲ. ಒಂದು ಊರಿನ ಎಲ್ಲ ಹೊಲಗಳಿಗೂ ಸಮಾನವಾಗಿ ಮಳೆ ಬಿದ್ದಿದೆ ಎಂದು ಭಾವಿಸೋಣ. ಆಗ ಹೊಲದಿಂದ ಹೊಲಕ್ಕೆ ಇಳುವರಿಯಲ್ಲಿ ಕಾಣುವ ವ್ಯತ್ಯಾಸಕ್ಕೆ ಮಣ್ಣು, ಗೊಬ್ಬರ, ಬೀಜಗಳು ಕಾರಣವಾಗುತ್ತವೆ; ವ್ಯತ್ಯಾಸದಲ್ಲಿ ಮಳೆಯ ಪಾಲು ಸೊನ್ನೆ. ಇದರಿಂದ ಮಳೆಯಿಲ್ಲದೆಯೂ ಬೆಳೆ ಬರುತ್ತದೆ ಎಂದು ಹೇಳಲಾಗದು. ಹಾಗೆಯೇ ಶೇ. 14 ಎಂಬ ಅಂಕಿಯಿಂದ ಉಳಿದ ಶೇ. 86ರಷ್ಟು ಕಲಿಕೆ ಶಿಕ್ಷಕರಿಲ್ಲದೆ ನಡೆಯುತ್ತದೆ ಎಂಬ ಅರ್ಥ ಹೊರಡುವುದಿಲ್ಲ. ಆದ್ದರಿಂದ 'ಎಷ್ಟು' ಎಂಬ ಪ್ರಶ್ನೆಗಿಂತ ಮೊದಲು 'ಯಾವುದರಲ್ಲಿ' ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ. ಕನ್ನಡ ಕಲಿಕೆಯ ಮಟ್ಟಿಗೆ ಈ ಪ್ರಶ್ನೆಗೆ ಉತ್ತರಿಸಲು ಇನ್ನೂರು ವರ್ಷಗಳ ಹಿಂದಿನ ಒಂದು ದಾಖಲೆ ನೆರವಾಗುತ್ತದೆ.

3. 1823ರ ಬಳ್ಳಾರಿ: ಒಂದು ದಾಖಲೆಯ ಮರುಓದು

ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ.ಡಿ. ಕ್ಯಾಂಪ್ಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿ ದೇಶೀಯ ಶಿಕ್ಷಣದ ಬಗ್ಗೆ ದೊರೆಯುವ ಮಹತ್ವದ ದಾಖಲೆಗಳಲ್ಲಿ ಒಂದು. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ಸಂಕಲನದಿಂದ ಇದು ವಿದ್ವಾಂಸರ ಗಮನಕ್ಕೆ ಮತ್ತೆ ಬಂದಿತು. ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಅವುಗಳಲ್ಲಿ 235 ಕನ್ನಡ, 226 ತೆಲುಗು, 23 ಮರಾಠಿ, 23 ಸಂಸ್ಕೃತ, 21 ಪಾರಸಿ, 4 ತಮಿಳು ಹಾಗೂ 1 ಇಂಗ್ಲಿಷ್ ಶಾಲೆ. ಇಂದಿನ ಅನಂತಪುರ ಭಾಗವೂ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಸೇರಿದ್ದುದರಿಂದ ತೆಲುಗು ಶಾಲೆಗಳ ಸಂಖ್ಯೆ ಕನ್ನಡ ಶಾಲೆಗಳಿಗೆ ಸಮೀಪವಾಗಿದೆ. ಶಾಲೆಯೊಂದಕ್ಕೆ ಸರಾಸರಿ ಹನ್ನೆರಡು ಹದಿಮೂರು ಮಕ್ಕಳು. ಕಲಿಸುವವರು ಒಬ್ಬ ಐಗಳು. ಅವರ ಜೀವನೋಪಾಯ ಪೋಷಕರು ಕೊಡುವ ಕಾಣಿಕೆಯಿಂದ ನಡೆಯುತ್ತಿತ್ತು. ಜನರ ಬಡತನ ಹೆಚ್ಚಿದಂತೆ ಶಾಲೆಗಳು ಕ್ಷೀಣಿಸುತ್ತಿವೆ ಎಂಬುದನ್ನೂ ವರದಿ ಹೇಳುತ್ತದೆ.

ಪ್ರಸ್ತುತ ಚರ್ಚೆಗೆ ಬೇಕಾದುದು ಕಲಿಕೆಯ ಕ್ರಮವನ್ನು ಕುರಿತ ವಿವರಗಳು. ಐದನೆಯ ವಯಸ್ಸಿನಲ್ಲಿ ಶಾಲೆಗೆ ಸೇರುತ್ತಿದ್ದ ಹುಡುಗರು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತಿದ್ದರು. ಕೈ ಪಳಗಿದ ಮೇಲೆ ಕಂಟದಿಂದ ಓಲೆಯ ಮೇಲೆ, ಲಾಳದ ಕಡ್ಡಿಯಿಂದ ಕಾಗದದ ಮೇಲೆ ಅಥವಾ ಬಳಪದಿಂದ ಕಡತದ ಮೇಲೆ ಬರೆಯುವ ಅವಕಾಶ ದೊರೆಯುತ್ತಿತ್ತು. ಬಿಡಿ ಅಕ್ಷರಗಳ ಬಳಿಕ ಕಾಗುಣಿತ, ಒತ್ತಕ್ಷರ, ಅನಂತರ ಜನರ, ಊರುಗಳ, ಪ್ರಾಣಿಗಳ ಹೆಸರುಗಳು, ಆಮೇಲೆ ಲೆಕ್ಕ, ಹೀಗೆ ಪಾಠ ಸಾಗುತ್ತಿತ್ತು.

ಈ ವ್ಯವಸ್ಥೆಯ ಒಂದು ಭಾಗವನ್ನು ಕ್ಯಾಂಪ್ಬೆಲ್ ಮೆಚ್ಚುತ್ತಾನೆ, ಇನ್ನೊಂದನ್ನು ಕಟುವಾಗಿ ಟೀಕಿಸುತ್ತಾನೆ. ಮುಂದೆ ಹೋದ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿಗೊಳಿಸಿಕೊಳ್ಳುವ ಏರ್ಪಾಡು ಅವನ ಮೆಚ್ಚುಗೆಗೆ ಪಾತ್ರವಾಗಿದೆ. ಅದನ್ನು ಇಂಗ್ಲೆಂಡಿನಲ್ಲಿ ಅನುಕರಿಸಿದ್ದು ಯೋಗ್ಯವೇ ಎಂಬುದು ಅವನ ಅಭಿಪ್ರಾಯ. ಆದರೆ ಅಕ್ಷರ ಕಲಿತ ಮೇಲೆ ಮಕ್ಕಳ ಕೈಗೆ ಬರುತ್ತಿದ್ದ ಗ್ರಂಥಗಳು ಪದ್ಯರೂಪದವು. ಅವುಗಳ ಭಾಷೆ ಆಡುಮಾತಿಗಿಂತ ತೀರ ಭಿನ್ನ. ಲಿಪಿ ಒಂದೇ ಆದುದರಿಂದ ಮಕ್ಕಳು ಅವನ್ನು ಓದಬಲ್ಲರು, ಬಾಯಿಪಾಠ ಒಪ್ಪಿಸಬಲ್ಲರು. ಅರ್ಥ ಮಾತ್ರ ಆಗುವುದಿಲ್ಲ. ಕಲಿಸುವವರಿಗೂ ಅರ್ಥವಾಗದ ಕಡೆ ಮಕ್ಕಳಿಗೆ ಆಗುವುದು ಹೇಗೆ ಎಂಬುದು ಅವನ ಆಕ್ಷೇಪದ ಸಾರ.

ವಸಾಹತು ಅಧಿಕಾರಿಯೊಬ್ಬನ ಈ ಟೀಕೆಯಲ್ಲಿ ದೇಶೀಯ ಕಾವ್ಯಪರಂಪರೆಯ ಬಗ್ಗೆ ಅಸಡ್ಡೆಯೂ ಸೇರಿದೆ. ಕಾವ್ಯವನ್ನು ಕಂಠಸ್ಥಗೊಳಿಸುವುದು ಮುಂದೊಮ್ಮೆ ಅರ್ಥವಾಗಲಿ ಎಂಬ ಭರವಸೆಯ ಕ್ರಮವೂ ಆಗಿತ್ತು, ಗಮಕದಂತಹ ಕೇಳ್ಮೆಯ ಸಂಸ್ಕೃತಿ ಅದರ ಬೆನ್ನಿಗಿತ್ತು ಎಂಬುದನ್ನು ಅವನು ಗಣನೆಗೆ ತೆಗೆದುಕೊಂಡಿಲ್ಲ. ಆದರೂ ವರದಿ ತಿಳಿದೋ ತಿಳಿಯದೆಯೋ ಕನ್ನಡ ಕಲಿಕೆಯನ್ನು ಮೂರು ಕೆಲಸಗಳಾಗಿ ವಿಂಗಡಿಸಿ ತೋರಿಸುತ್ತದೆ: ಲಿಪಿಯ ಅಭ್ಯಾಸ, ಆಡುಮಾತಿನಿಂದ ಬರಹದ ಭಾಷೆಗೆ ದಾಟುವುದು, ಓದಿದ್ದಕ್ಕೆ ಅರ್ಥ ಕಂಡುಕೊಳ್ಳುವುದು. ಅಂದಿನ ಶಾಲೆ ಮೊದಲನೆಯದನ್ನು ಮಕ್ಕಳ ನಡುವೆ ಹಂಚಿಕೊಟ್ಟು ಯಶಸ್ವಿಯಾಗಿತ್ತು. ಉಳಿದೆರಡರಲ್ಲಿ ಶಿಕ್ಷಕರ ಕೊರತೆ ಎದ್ದು ಕಾಣುತ್ತಿತ್ತು. ಈ ವಿಂಗಡಣೆಯನ್ನು ಇಂದಿನ ತರಗತಿಗೆ ಅನ್ವಯಿಸಿ ನೋಡಬಹುದು.

4. ಲಿಪಿಯ ಅಭ್ಯಾಸ ಮತ್ತು ನಲಿ-ಕಲಿ

ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನು ಕಲಿತ ಮಾತ್ರಕ್ಕೆ ಮಗು ಓದಲಾರದು. 34 ವ್ಯಂಜನಗಳಿಗೆ ತಲಾ 15 ರೂಪಗಳಂತೆ ಕಾಗುಣಿತವೇ 510 ರೂಪಗಳಾಗುತ್ತದೆ. ಅದರ ಮೇಲೆ ಸಜಾತೀಯ, ವಿಜಾತೀಯ ಒತ್ತಕ್ಷರಗಳಿವೆ. ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಇಂಗ್ಲಿಷ್ ಅಕ್ಷರಗಳಿಗೆ ಹೋಲಿಸಿದರೆ ಕನ್ನಡ ಅಕ್ಷರಜ್ಞಾನ ನಿಧಾನವಾಗಿ ಬೆಳೆಯುತ್ತದೆ, ಮೂರು ನಾಲ್ಕನೆಯ ತರಗತಿಗಳವರೆಗೂ ಮುಂದುವರಿಯುತ್ತದೆ ಎಂಬುದನ್ನು ತೋರಿಸಿತು. ಎರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವುವುದನ್ನು ಶಿಕ್ಷಕರ ವೈಫಲ್ಯವೆಂದು ಎಣಿಸುವ ಮೊದಲು ಲಿಪಿಯ ಈ ಸ್ವರೂಪವನ್ನು ನೆನಪಿಡಬೇಕು.

ಇಷ್ಟು ದೀರ್ಘವಾದ ಅಭ್ಯಾಸವನ್ನು ಒಬ್ಬ ಶಿಕ್ಷಕರು ಪ್ರತಿ ಮಗುವಿನ ಪಕ್ಕದಲ್ಲಿ ಕುಳಿತು ಮಾಡಿಸುವುದು ಅಸಾಧ್ಯ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ ಈ ತೊಡಕಿಗೆ ಕಂಡುಕೊಂಡ ಪರಿಹಾರ. ಆಂಧ್ರಪ್ರದೇಶದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ನೋಡಿಬಂದ ಸರ್ಕಾರಿ ಶಾಲಾ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಇದನ್ನು ರೂಪಿಸಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಆರಂಭಿಕ ತರಗತಿಗಳಿಗೆ ಇದನ್ನು ವಿಸ್ತರಿಸಲಾಯಿತು. ಪಠ್ಯವನ್ನು ಮೈಲಿಗಲ್ಲುಗಳಾಗಿ, ಕಲಿಕಾ ಏಣಿಯ ಮೆಟ್ಟಿಲುಗಳಾಗಿ, ಕಾರ್ಡುಗಳಾಗಿ ಒಡೆಯಲಾಯಿತು. ಮಕ್ಕಳು ಐದು ತಟ್ಟೆಗಳಲ್ಲಿ ಕುಳಿತು ಕಲಿಯುತ್ತಾರೆ: ಶಿಕ್ಷಕರ ಪೂರ್ಣ ಬೆಂಬಲದಿಂದ ಕಲಿಯುವವರು ಒಂದು ತಟ್ಟೆಯಲ್ಲಿ, ಶಿಕ್ಷಕರ ಭಾಗಶಃ ಬೆಂಬಲ ಬೇಕಾದವರು ಇನ್ನೊಂದರಲ್ಲಿ, ಸಹಪಾಠಿಗಳ ಬೆಂಬಲದಿಂದ ಕಲಿಯುವವರು ಮತ್ತೆರಡರಲ್ಲಿ, ಸ್ವತಃ ಕಲಿಯುವವರು ಕೊನೆಯದರಲ್ಲಿ. ಅಕ್ಷರಗಳ ಕ್ರಮವೂ ವರ್ಣಮಾಲೆಯದಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಆರಂಭ. ಇವಿಷ್ಟು ಬಂದೊಡನೆ ಮಗು 'ಸರ', 'ಅಗಸ', 'ಅರಸ', 'ದಸರ', 'ಗರಗಸ' ಎಂಬ ಪದಗಳನ್ನು ಓದಬಲ್ಲುದು. ಅರ್ಥವಿರುವ ಪದ ಮೊದಲ ವಾರಗಳಲ್ಲೇ ಮಗುವಿನ ಕೈಗೆ ಸಿಗುತ್ತದೆ.

ಹಿರಿಯ ಮಗು ಕಿರಿಯ ಮಗುವಿಗೆ ಕಲಿಸುವ ಬಳ್ಳಾರಿಯ ಮಠಗಳ ಕ್ರಮಕ್ಕೂ ನಲಿ-ಕಲಿಯ ಸಹಪಾಠಿ ತಟ್ಟೆಗಳಿಗೂ ನೇರ ಚಾರಿತ್ರಿಕ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಎರಡೂ ಒಂದೇ ಸಂಗತಿಯನ್ನು ಸೂಚಿಸುತ್ತವೆ ಎಂಬುದಷ್ಟೇ ಇಲ್ಲಿ ಮುಖ್ಯ. ಲಿಪಿಯ ಅಭ್ಯಾಸದಲ್ಲಿ ಶಿಕ್ಷಕರ ಪಾಲನ್ನು ಸಹಪಾಠಿಗಳೊಡನೆ, ಕಾರ್ಡುಗಳೊಡನೆ ಹಂಚಿಕೊಳ್ಳಬಹುದು. ಹೀಗೆ ಹಂಚಿಕೊಂಡಾಗ ಉಳಿಯುವ ವೇಳೆ ಯಾವುದಕ್ಕೆ ಬಳಕೆಯಾಗುತ್ತದೆ ಎಂಬುದೇ ನಿರ್ಣಾಯಕ. ಆ ವೇಳೆ 'ಪ್ರಗತಿ ನೋಟ'ದ ಕಲಂಗಳನ್ನು ತುಂಬುವುದರಲ್ಲಿ ಕಳೆದರೆ ಪದ್ಧತಿಯ ಉದ್ದೇಶವೇ ಸೋಲುತ್ತದೆ.

5. ಮನೆಮಾತಿನಿಂದ ಬರಹದ ಕನ್ನಡಕ್ಕೆ

ಎರಡನೆಯ ಕೆಲಸದಲ್ಲಿ ಇಂತಹ ಹಂಚಿಕೆ ಸಾಧ್ಯವಿಲ್ಲ. ಧಾರವಾಡ ಸೀಮೆಯ ಮಗುವೊಂದು 'ಶಾಲೆ' ಎಂದು ಬರೆಯಬೇಕಾದ ಕಡೆ 'ಸಾಲಿ' ಎಂದು ಬರೆಯುತ್ತದೆ ಎಂದಿಟ್ಟುಕೊಳ್ಳೋಣ. ಕೆಂಪು ಶಾಯಿಗೆ ಇಲ್ಲಿ ಎರಡು ತಪ್ಪುಗಳು ಕಾಣುತ್ತವೆ. ಭಾಷಾಶಾಸ್ತ್ರ ಬಲ್ಲವರಿಗೆ ಕಾಣುವುದು ಎರಡು ನಿಯಮಗಳು. ಆ ಪ್ರಭೇದದ ಆಡುಮಾತಿನಲ್ಲಿ ಶಕಾರ ಸಕಾರವಾಗುತ್ತದೆ. ಪದಾಂತ್ಯದ ಎಕಾರ ಇಕಾರವಾಗುತ್ತದೆ. 'ಮನಿ', 'ತಲಿ', 'ಎಲಿ' ಎನ್ನುವ ಮಗು 'ಸಾಲಿ' ಎನ್ನದೆ ಬೇರೇನನ್ನೂ ಹೇಳಲಾರದು. ಅದು ಕೇಳಿದ್ದನ್ನು ಸರಿಯಾಗಿಯೇ ಬರೆದಿದೆ. ಧ್ವನಿ ಮತ್ತು ಲಿಪಿಗಳ ಸಂಬಂಧ ಅದಕ್ಕೆ ತಿಳಿದಿದೆ ಎಂಬುದಕ್ಕೆ ಆ ಬರಹವೇ ಸಾಕ್ಷಿ. ಈ ಮಗುವಿಗೆ ಬೇಕಾದುದು ಅಕ್ಷರದ ಪುನರಭ್ಯಾಸವಲ್ಲ. ನಾವು 'ಮನಿ' ಎನ್ನುತ್ತೇವೆ, ಪುಸ್ತಕದಲ್ಲಿ 'ಮನೆ' ಎಂದಿರುತ್ತದೆ ಎಂಬ ಒಂದು ತಿಳಿವಳಿಕೆ ಕೊಟ್ಟರೆ ಹತ್ತಾರು ಪದಗಳು ಒಮ್ಮೆಗೇ ಸರಿಹೋಗುತ್ತವೆ.

ಹಳೆಯ ಮೈಸೂರು ಭಾಗದ ಉದಾಹರಣೆ ಇನ್ನೂ ಕುತೂಹಲಕರವಾದುದು. ಅಲ್ಲಿನ ಹಲವು ಸಮುದಾಯಗಳ ಮಾತಿನಲ್ಲಿ ಪದಾದಿಯ ಹಕಾರ ಇಲ್ಲ: ಹಾಲು 'ಆಲು', ಹಸು 'ಅಸು', ಹಕ್ಕಿ 'ಅಕ್ಕಿ'. ಪದೇಪದೇ ತಿದ್ದಿಸಿಕೊಂಡ ಮಗು ಕೆಲವೊಮ್ಮೆ ಅಗತ್ಯವಿಲ್ಲದ ಕಡೆಯೂ ಹಕಾರವನ್ನು ಸೇರಿಸಿ ಅಕ್ಕಿಯನ್ನು 'ಹಕ್ಕಿ' ಎಂದು ಬರೆಯುತ್ತದೆ. ನಗುವಿಗೆ ಗುರಿಯಾಗುವ ಈ ಬರಹದ ಹಿಂದೆ ಕನ್ನಡ ಭಾಷೆಯ ಚರಿತ್ರೆಯೇ ಇದೆ. ಹಳಗನ್ನಡದ 'ಪಕ್ಕಿ', 'ಪಾಲ್', 'ಪುಲಿ'ಗಳು ಹಕಾರಕ್ಕೆ ತಿರುಗಿ 'ಹಕ್ಕಿ', 'ಹಾಲು', 'ಹುಲಿ'ಗಳಾದವು. ಅದೇ ಹಕಾರ ಹಳೆಯ ಮೈಸೂರಿನ ಆಡುಮಾತಿನಲ್ಲಿ ಲೋಪವಾಗಿದೆ. ಇತ್ತ ದಕ್ಷಿಣ ಕನ್ನಡದಲ್ಲಿ ತುಳು ಮನೆಮಾತಿನ ಮಗು ಇಂದಿಗೂ 'ಪಕ್ಕಿ', 'ಪಿಲಿ' ಎನ್ನುತ್ತದೆ. ಪಕ್ಕಿ, ಹಕ್ಕಿ, ಅಕ್ಕಿ ಎಂಬ ಮೂರು ರೂಪಗಳು ಸ್ನಾತಕೋತ್ತರ ತರಗತಿಯಲ್ಲಿ ಧ್ವನಿ ವ್ಯತ್ಯಾಸದ ಪಾಠವಾಗುತ್ತವೆ. ಒಂದನೆಯ ತರಗತಿಯಲ್ಲಿ ಅವೇ ಮಕ್ಕಳ ಬಾಯಲ್ಲಿ ಜೀವಂತವಾಗಿವೆ. ಈ ಎರಡು ತರಗತಿಗಳ ನಡುವೆ ಸಂಪರ್ಕವಿಲ್ಲದಿರುವುದು ಕನ್ನಡ ಶಿಕ್ಷಣದ ದೊಡ್ಡ ಕೊರತೆಗಳಲ್ಲಿ ಒಂದು.

ಮಹಾಪ್ರಾಣಗಳ ವಿಷಯವೂ ಇಂಥದೇ. ಹೆಚ್ಚಿನ ಕನ್ನಡಿಗರ ಸಹಜ ಉಚ್ಚಾರಣೆಯಲ್ಲಿ ಮಹಾಪ್ರಾಣಗಳಿಲ್ಲವಾದುದರಿಂದ ಬರಹದಲ್ಲಿಯೂ ಅವುಗಳನ್ನು ಕೈಬಿಡಬಹುದೆಂದು ಡಿ.ಎನ್. ಶಂಕರ ಭಟ್ಟರು 2005ರಲ್ಲಿ ಪ್ರಕಟವಾದ 'ಕನ್ನಡ ಬರಹವನ್ನು ಸರಿಪಡಿಸೋಣ' ಕೃತಿಯಲ್ಲಿ ವಾದಿಸಿದರು. ಈ ಸಲಹೆಗೆ ವ್ಯಾಪಕ ವಿರೋಧವೂ ವ್ಯಕ್ತವಾಯಿತು. ವಾದದ ಯಾವ ಪಕ್ಷವನ್ನು ಒಪ್ಪಿದರೂ ಒಂದು ಅಂಶ ಉಳಿಯುತ್ತದೆ: ಲಿಪಿ ಈಗಿರುವಂತೆಯೇ ಇರುವವರೆಗೆ 'ದನ' ಮತ್ತು 'ಧನ'ಗಳ ನಡುವಿನ ಭೇದವನ್ನು ಕಿವಿಯಿಂದ ಗುರುತಿಸಲಾರದ ಮಗುವಿಗೆ ಅದನ್ನು ಬೇರೆ ದಾರಿಯಿಂದ ಕಲಿಸುವ ಹೊಣೆ ಶಿಕ್ಷಕರ ಮೇಲಿದೆ.

ವಾಕ್ಯದ ಮಟ್ಟದಲ್ಲಿ ಅಂತರ ಇನ್ನೂ ಹೆಚ್ಚು. 'ಬಂದಿದ್ದಾನೆ' ಎಂಬ ಪಠ್ಯಪುಸ್ತಕದ ರೂಪ ಮಂಡ್ಯದ ಹಳ್ಳಿಯಲ್ಲಿ 'ಬಂದವ್ನೆ', ಧಾರವಾಡದಲ್ಲಿ 'ಬಂದಾನ', ಹವ್ಯಕರ ಮನೆಯಲ್ಲಿ 'ಬೈಂದ'. ಲಂಬಾಣಿ, ಉರ್ದು, ತೆಲುಗು, ಮರಾಠಿ, ಕೊಂಕಣಿ, ಬ್ಯಾರಿ ಮನೆಮಾತಿನ ಮಕ್ಕಳಿಗೆ ಈ ಯಾವ ರೂಪವೂ ಮನೆಯದಲ್ಲ. ಇಲ್ಲಿ ಸಹಪಾಠಿ ನೆರವಾಗಲಾರನು, ಏಕೆಂದರೆ ಅವನ ಮನೆಮಾತೂ ಬಹುಮಟ್ಟಿಗೆ ಅದೇ. ಪೋಷಕರೂ ನೆರವಾಗಲಾರರು. ಮುದ್ರಿತ ಕಾರ್ಡು ಒಂದೇ ಕನ್ನಡವನ್ನು ಬಲ್ಲುದು. ಎರಡು ಕನ್ನಡಗಳನ್ನೂ ಕೇಳಿಸಿಕೊಳ್ಳಬಲ್ಲ ವ್ಯಕ್ತಿ ತರಗತಿಯಲ್ಲಿ ಶಿಕ್ಷಕರೊಬ್ಬರೇ. ಅವರು ಮನೆಮಾತನ್ನು 'ಅಶುದ್ಧ'ವೆಂದು ತಳ್ಳಿಹಾಕಿದರೆ ಮಗು ಮೌನಕ್ಕೆ ಶರಣಾಗುತ್ತದೆ. ಅದನ್ನೇ ಮೆಟ್ಟಿಲಾಗಿ ಬಳಸಿಕೊಂಡರೆ ಬರಹದ ಕನ್ನಡ ಮತ್ತೊಂದು ರೂಪವಾಗಿ ಅದಕ್ಕೆ ದಕ್ಕುತ್ತದೆ.

6. ಅರ್ಥದ ಕೆಲಸ: ಪಂಜೆಯವರ ನಿದರ್ಶನ

ಮೂರನೆಯ ಕೆಲಸ ಓದಿದ್ದನ್ನು ಮಗುವಿನ ಅನುಭವಕ್ಕೆ ತರುವುದು. ಕ್ಯಾಂಪ್ಬೆಲ್ ಗುರುತಿಸಿದ ಕೊರತೆಗೆ ಕನ್ನಡದೊಳಗಿನಿಂದಲೇ ಬಂದ ದೊಡ್ಡ ಉತ್ತರ ಪಂಜೆ ಮಂಗೇಶರಾಯರದು (1874-1937). ಅವರನ್ನು ಸಾಹಿತ್ಯ ಚರಿತ್ರೆಯಲ್ಲಿ ಶಿಶುಸಾಹಿತ್ಯದ, ಸಣ್ಣಕತೆಯ ಪ್ರವರ್ತಕರೆಂದು ಗುರುತಿಸುವುದು ರೂಢಿ. ಅವರ ವೃತ್ತಿಯನ್ನು ಈ ಗುರುತಿಸುವಿಕೆಯಲ್ಲಿ ಹಿನ್ನೆಲೆಗೆ ಸರಿಸಲಾಗಿದೆ. ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಕಲಿಸಿದ್ದು ಕನ್ನಡ. ಮಂಗಳೂರಿನಲ್ಲಿ ಕನ್ನಡ ಅಧ್ಯಾಪಕರಾಗಿ, ಶಾಲೆಗಳ ಇನ್‌ಸ್ಪೆಕ್ಟರರಾಗಿ, ಕೊಡಗಿನಲ್ಲಿ ಮುಖ್ಯೋಪಾಧ್ಯಾಯರಾಗಿ ಅವರು ದುಡಿದರು. ಕನ್ನಡ ಮನೆಮಾತಲ್ಲದ ಮಕ್ಕಳಿಗೆ ಕನ್ನಡವನ್ನು ಹೇಗೆ ರುಚಿಸುವಂತೆ ಮಾಡುವುದು ಎಂಬುದು ಅವರ ಪಾಲಿಗೆ ದಿನನಿತ್ಯದ ವೃತ್ತಿಪರ ಪ್ರಶ್ನೆಯಾಗಿತ್ತು.

'ಹಾವಿನ ಹಾಡು' ಮುಂತಾದ ಅವರ ರಚನೆಗಳನ್ನು ಈ ಹಿನ್ನೆಲೆಯಲ್ಲಿ ಓದಿದಾಗ ಅವುಗಳ ಬೋಧನಾ ಗುಣ ಸ್ಪಷ್ಟವಾಗುತ್ತದೆ. ಚಿಕ್ಕ ವಾಕ್ಯಗಳು, ಮತ್ತೆಮತ್ತೆ ಬರುವ ಪದಗಳು, ಹಾಡುವಾಗ ಅಭಿನಯಿಸಬಹುದಾದ ಕ್ರಿಯೆಗಳು, ಮಗು ಕಣ್ಣಾರೆ ಕಂಡ ವಸ್ತುಗಳು ಅಲ್ಲಿವೆ. ನಿಘಂಟಿನ ನೆರವಿಲ್ಲದೆ ಮಗು ಪದ್ಯದ ಅರ್ಥವನ್ನು ಮೈಯಿಂದಲೇ ಕಂಡುಕೊಳ್ಳುತ್ತದೆ. ಕೊಡಗಿನ ಸುಗ್ಗಿಯ ಹಬ್ಬ ಅವರ 'ಹುತ್ತರಿ ಹಾಡಿ'ಗೆ ವಸ್ತುವಾಗಿರುವುದನ್ನೂ ಇಲ್ಲಿ ನೆನೆಯಬಹುದು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ಅವರಿಗೆ ದೊರೆತುದು, ಮಕ್ಕಳಿಗಾಗಿ ಬರೆದ ಉಪಾಧ್ಯಾಯರೊಬ್ಬರ ಕೆಲಸಕ್ಕೆ ಕನ್ನಡ ಸಾಹಿತ್ಯಲೋಕ ಕೊಟ್ಟ ಮನ್ನಣೆಯೂ ಹೌದು.

ಎಲ್ಲ ಶಿಕ್ಷಕರೂ ಪಂಜೆಯವರಂತೆ ಕವಿಗಳಾಗಬೇಕೆಂಬುದು ಈ ನಿದರ್ಶನದ ಆಶಯವಲ್ಲ. ಅಚ್ಚಾದ ಪಾಠ ಮತ್ತು ಮಗುವಿನ ಊರು ಇವೆರಡರ ನಡುವೆ ಸದಾ ಒಂದು ಅಂತರವಿರುತ್ತದೆ. ಬೆಂಗಳೂರಿನಲ್ಲಿ ರಚಿತವಾದ ಪಠ್ಯದ 'ತೆನೆ' ಯಾವ ಬೆಳೆಯದು ಎಂಬ ಪ್ರಶ್ನೆಗೆ ರಾಯಚೂರಿನ ಮಗು ಜೋಳವನ್ನೂ ಮಂಡ್ಯದ ಮಗು ರಾಗಿ ಅಥವಾ ಭತ್ತವನ್ನೂ ತೋರಿಸುತ್ತದೆ. ಆ ಅಂತರವನ್ನು ತುಂಬುವ ಮಾತು ಪುಸ್ತಕದಲ್ಲಿ ಇರಲಾರದು. ಅದನ್ನು ಆಯಾ ತರಗತಿಯಲ್ಲಿಯೇ ಕಂಡುಕೊಳ್ಳಬೇಕು.

7. ಶಿಕ್ಷಕರಿಲ್ಲದ ಕಾಲ: 2020-21

ಕೊಡುಗೆಯನ್ನು ತಿಳಿಯಲು ಇರುವ ಒಂದು ದಾರಿ ಅದು ಇಲ್ಲದಾಗ ಏನಾಗುತ್ತದೆ ಎಂದು ನೋಡುವುದು. 2020ರ ಮಾರ್ಚಿನಲ್ಲಿ ಕೊರೋನಾ ಸೋಂಕಿನ ಕಾರಣದಿಂದ ಶಾಲೆಗಳು ಮುಚ್ಚಿದಾಗ ಇಂತಹದೊಂದು ಸನ್ನಿವೇಶ ಉಂಟಾಯಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 44 ಜಿಲ್ಲೆಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಒಳಗೊಂಡಿತ್ತು. ಎರಡರಿಂದ ಆರನೆಯ ತರಗತಿಯವರೆಗಿನ ಮಕ್ಕಳಲ್ಲಿ ಸರಾಸರಿ ಶೇ. 92ರಷ್ಟು ಮಂದಿ ಹಿಂದಿನ ವರ್ಷ ತಮಗಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ ಶೇ. 82. ಗ್ರಾಮೀಣ ಮಕ್ಕಳನ್ನು ಕುರಿತ 'ಅಸರ್' ಸಮೀಕ್ಷೆಗಳ ಪ್ರಕಾರ, ದೇಶದ ಸರ್ಕಾರಿ ಶಾಲೆಗಳ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರ ಪ್ರಮಾಣ 2018ರಲ್ಲಿ ಶೇ. 20.9 ಇದ್ದುದು 2022ರಲ್ಲಿ ಶೇ. 16.3ಕ್ಕೆ ಇಳಿಯಿತು, ಶಾಲೆಗಳು ಮರಳಿ ನಡೆಯತೊಡಗಿದ ಬಳಿಕ 2024ರಲ್ಲಿ ಶೇ. 23.4ಕ್ಕೆ ಏರಿತು.

ಈ ಅಂಕಿಗಳನ್ನು ಶಿಕ್ಷಕರ ಕೊಡುಗೆಯ ನೇರ ಅಳತೆಯೆಂದು ಭಾವಿಸಲಾಗದು. ಶಾಲೆ ಮುಚ್ಚಿದಾಗ ಮಗು ಶಿಕ್ಷಕರನ್ನಷ್ಟೇ ಅಲ್ಲದೆ ಸಹಪಾಠಿಗಳನ್ನೂ ಬಿಸಿಯೂಟವನ್ನೂ ದಿನದ ಕ್ರಮವನ್ನೂ ಕಳೆದುಕೊಂಡಿತು. ಆದರೆ ಅಧ್ಯಯನ ಪರಿಶೀಲಿಸಿದ ಸಾಮರ್ಥ್ಯಗಳಲ್ಲಿ ಚಿತ್ರವನ್ನೋ ಅನುಭವವನ್ನೋ ಬಾಯಿಮಾತಿನಲ್ಲಿ ವಿವರಿಸುವುದೂ ಇತ್ತು ಎಂಬುದು ಗಮನಾರ್ಹ. ಮನೆಯಲ್ಲಿ ದಿನವಿಡೀ ಮಾತನಾಡುವ ಮಗು ಈ ಸಾಮರ್ಥ್ಯದಲ್ಲಿಯೂ ಹಿಂದೆ ಬಿದ್ದಿತು. ಕಂಡದ್ದನ್ನು ಕ್ರಮವಾಗಿ, ಅಪರಿಚಿತರಿಗೂ ತಿಳಿಯುವಂತೆ ಹೇಳುವುದು ಮನೆಮಾತಿನ ಸಹಜ ವಿಸ್ತರಣೆಯಲ್ಲ. ಅದು ಕಲಿಸಬೇಕಾದ ಭಾಷಾ ವ್ಯವಹಾರ. ಐದನೆಯ ಭಾಗದಲ್ಲಿ ಹೇಳಿದ ಸೇತುವೆಯ ಕೆಲಸ ನಿಂತುಹೋದುದರ ಪರಿಣಾಮ ಇಲ್ಲಿ ಕಾಣುತ್ತದೆ. ಇದೇ ಕಾಲದಲ್ಲಿ 'ವಿದ್ಯಾಗಮ' ಕಾರ್ಯಕ್ರಮದಡಿ ಕರ್ನಾಟಕದ ಸರ್ಕಾರಿ ಶಾಲಾ ಶಿಕ್ಷಕರು ಮಕ್ಕಳಿದ್ದ ಕಡೆಗೇ ಹೋಗಿ ದೇವಸ್ಥಾನದ ಜಗಲಿ, ಸಮುದಾಯ ಭವನ, ಮರದ ನೆರಳುಗಳಲ್ಲಿ ಪಾಠ ಮಾಡಿದರು. ಸೋಂಕಿನ ಭೀತಿಯಿಂದ ನಡುವೆ ನಿಂತರೂ, ಮೊಬೈಲ್ ಫೋನ್ ಇಲ್ಲದ ಮನೆಗಳ ಮಕ್ಕಳಿಗೆ ಆ ತಿಂಗಳುಗಳಲ್ಲಿ ದೊರೆತ ಕನ್ನಡ ಪಾಠ ಬಹುಮಟ್ಟಿಗೆ ಅದೊಂದೇ.

8. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ನಿಲುವುಗಳಿಗೆ ಬರಬಹುದು.

ಒಂದು, ಶಿಕ್ಷಕರ ಪಾಲನ್ನು ಒಂದೇ ಶೇಕಡಾವಾರು ಅಂಕಿಯಲ್ಲಿ ಹೇಳುವುದು ಸಾಧುವಲ್ಲ. ಅಕ್ಷರಸ್ಥ ಮನೆಯ, ಶಿಷ್ಟ ಕನ್ನಡಕ್ಕೆ ಹತ್ತಿರವಾದ ಮಾತಿನ ಮಗುವಿನ ಕಲಿಕೆಯಲ್ಲಿ ಅದು ಚಿಕ್ಕದಾಗಿ ಕಾಣಬಹುದು; ಮೊದಲ ತಲೆಮಾರಿನ ಕಲಿಕಾರ್ಥಿಯ, ಬೇರೆ ಮನೆಮಾತಿನ ಮಗುವಿನ ಕಲಿಕೆಯಲ್ಲಿ ಅದೇ ನಿರ್ಣಾಯಕವಾಗುತ್ತದೆ.

ಎರಡು, ಲಿಪಿಯ ಅಭ್ಯಾಸವನ್ನು ಸಹಪಾಠಿಗಳು, ಕಾರ್ಡುಗಳು, ಈಚಿನ ದಿನಗಳಲ್ಲಿ ಯಂತ್ರಗಳು ಕೂಡ ಹಂಚಿಕೊಳ್ಳಬಲ್ಲವು. ಮನೆಮಾತನ್ನು ಬರಹಕ್ಕೆ ಜೋಡಿಸುವ, ಪಾಠವನ್ನು ಅನುಭವಕ್ಕೆ ತರುವ ಕೆಲಸಗಳು ಮಗುವಿನ ಮಾತನ್ನು ಆ ಕ್ಷಣದಲ್ಲಿ ಕೇಳಿಸಿಕೊಳ್ಳುವವರನ್ನು ಬೇಡುತ್ತವೆ.

ಮೂರು, ಈ ಪಾಲು ಈಡೇರಲು ವೇಳೆ ಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕೆಂದು ವಿಧಿಸಿತು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆಂದಿತು. ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತ, ಬಿಸಿಯೂಟದ ಲೆಕ್ಕವನ್ನೂ ಬರೆಯಬೇಕಾದವರಿಂದ ಪ್ರತಿ ಮಗುವಿನ ಮಾತಿಗೆ ಕಿವಿಗೊಡುವುದನ್ನು ನಿರೀಕ್ಷಿಸುವುದು ಕಷ್ಟ. ಫಲಿತಾಂಶದಿಂದ ಮಾತ್ರ ಶಿಕ್ಷಕರನ್ನು ಅಳೆಯುವ ಯಾವುದೇ ಕ್ರಮ ಈ ಸಂಗತಿಯನ್ನು ಮರೆಯುವಂತಿಲ್ಲ.

ನಾಲ್ಕನೆಯ ನಿಲುವು ಕನ್ನಡ ಅಧ್ಯಯನ ವಿಭಾಗಗಳಿಗೆ ನೇರವಾಗಿ ಸಂಬಂಧಿಸಿದ್ದು. ಶಿಕ್ಷಕರಲ್ಲದೆ ಬೇರಾರೂ ಮಾಡಲಾರದ ಕೆಲಸಕ್ಕೆ ಬೇಕಾದ ತಿಳಿವಳಿಕೆ, ಅಂದರೆ ಪ್ರಭೇದಗಳ ಧ್ವನಿನಿಯಮಗಳು, ಭಾಷಾ ಚರಿತ್ರೆ, ಸೋದರ ಭಾಷೆಗಳ ಪರಿಚಯ, ವಿಶ್ವವಿದ್ಯಾಲಯಗಳಲ್ಲಿ ಈಗಾಗಲೇ ಇದೆ. ಅದು ಪ್ರಬಂಧಗಳಲ್ಲಿ, ಪ್ರಶ್ನೆಪತ್ರಿಕೆಗಳಲ್ಲಿ ಉಳಿದುಕೊಂಡಿದೆ. ಪ್ರಾಥಮಿಕ ಶಾಲಾ ಶಿಕ್ಷಕರ ಎರಡು ವರ್ಷಗಳ ತರಬೇತಿಯಲ್ಲಿ ಬೋಧನಾ ವಿಧಾನಕ್ಕೆ ದೊರೆಯುವ ಸ್ಥಾನ ತಮ್ಮ ತಾಲ್ಲೂಕಿನ ಕನ್ನಡದ ಸ್ವರೂಪವನ್ನು ತಿಳಿಯುವುದಕ್ಕೂ ದೊರೆಯಬೇಕು. ಪ್ರತಿ ಜಿಲ್ಲೆಯ ಆಡುಮಾತಿಗೂ ಬರಹದ ಕನ್ನಡಕ್ಕೂ ಇರುವ ನಿಯತ ವ್ಯತ್ಯಾಸಗಳನ್ನು ಹತ್ತಿಪ್ಪತ್ತು ಪುಟಗಳಲ್ಲಿ ಸರಳವಾಗಿ ವಿವರಿಸುವ ಕೈಪಿಡಿಗಳನ್ನು ಕನ್ನಡ ವಿಭಾಗಗಳು ಸಿದ್ಧಪಡಿಸಬಹುದು. ಇದಕ್ಕೆ ಹೊಸ ಸಂಶೋಧನೆಗಿಂತ ಇರುವ ಸಂಶೋಧನೆಯ ಮರುಬಳಕೆ ಮುಖ್ಯ. 'ಸಾಲಿ' ಎಂದು ಬರೆದ ಮಗುವಿನ ಹಾಳೆಯ ಮೇಲೆ ಶಿಕ್ಷಕರು ಏನನ್ನು ಕಾಣುತ್ತಾರೆ ಎಂಬುದು ಅವರಿಗೆ ಏನನ್ನು ಕಲಿಸಲಾಗಿದೆ ಎಂಬುದನ್ನು ಅವಲಂಬಿಸಿದೆ. ಆದುದರಿಂದ ಶಾಲೆಯ ಕನ್ನಡ ಕಲಿಕೆಯಲ್ಲಿ ಶಿಕ್ಷಕರ ಪಾಲನ್ನು ಪ್ರಶ್ನಿಸುವವರು ಶಿಕ್ಷಕರ ಕಲಿಕೆಯಲ್ಲಿ ಕನ್ನಡ ವಿಭಾಗಗಳ ಪಾಲನ್ನೂ ಅದರೊಡನೆ ಪರಿಶೀಲಿಸುವುದು ಅಗತ್ಯವಾಗುತ್ತದೆ.